ವಿದ್ಯುಚ್ಚಾಲಿತ ಅಗ್ನಿಶಾಮಕ ವಾಹನಗಳ ಸಾಧಕ ಬಾಧಕ: ಕುಂದಾಪುರ ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಅಗ್ನಿಶಾಮಕ ಸೇವೆಯ ಯೋಗ್ಯತೆಯನ್ನು ಎರಡು ಮಾನದಂಡಗಳಿಂದ ಅಳೆಯಬಹುದು. ಕರೆ ಬಂದ ಗಳಿಗೆಯಿಂದ ಬೆಂಕಿಯ ಸ್ಥಳವನ್ನು ಮುಟ್ಟಲು ಹಿಡಿಯುವ ಕಾಲ ಒಂದು. ಮುಟ್ಟಿದ ಮೇಲೆ ನೀರನ್ನು ಎಷ್ಟು ಹೊತ್ತು, ಎಷ್ಟು ಒತ್ತಡದಿಂದ ಹಾಯಿಸಲು ಸಾಧ್ಯವೆಂಬುದು ಇನ್ನೊಂದು. ವಾಹನವು ಯಾವ ಇಂಧನದಿಂದ ಓಡಬೇಕೆಂಬ ಪ್ರಶ್ನೆ ಬಹುಕಾಲ ಏಳಲೇ ಇಲ್ಲ. ಡೀಸೆಲ್ ಎಂಬುದೇ ಅದಕ್ಕೆ ಸಿದ್ಧ ಉತ್ತರವಾಗಿತ್ತು. ಈಚಿನ ವರ್ಷಗಳಲ್ಲಿ ಬ್ಯಾಟರಿಯ ಬಲದಿಂದ ಓಡುವ ಸ್ಕೂಟರು, ಕಾರು, ಬಸ್ಸುಗಳು ಬಳಕೆಗೆ ಬಂದಂತೆ ಅಗ್ನಿಶಾಮಕ ವಾಹನವೂ ಆ ದಾರಿ ಹಿಡಿಯಬಾರದೇಕೆ ಎಂಬ ವಿಚಾರ ಲೋಕದ ಅನೇಕ ನಗರಗಳಲ್ಲಿ ಎದ್ದಿದೆ. ಕೆಲವು ನಗರಗಳು ಅದನ್ನು ಕಾರ್ಯರೂಪಕ್ಕೂ ತಂದಿವೆ.

ಈ ಪ್ರಶ್ನೆ ನಮ್ಮ ನಾಡಿಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಸರಕಾರದ ಒಡೆತನದಲ್ಲಿರುವ, 15 ವರ್ಷ ಮೀರಿದ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ರದ್ದುಗೊಳಿಸುವ ನಿಯಮವನ್ನು ಕೇಂದ್ರ ಸರಕಾರ ತಂದಿತು. ಅಗ್ನಿಶಾಮಕ ವಾಹನವು ಹೆಚ್ಚು ದೂರ ಓಡದೆ ವಯಸ್ಸಿನಿಂದಲೇ ಹಳತಾಗುವ ವಾಹನ. ಆದುದರಿಂದ ಈ ನಿಯಮದ ಬಿಸಿ ಅದಕ್ಕೆ ಬೇಗ ತಟ್ಟಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಕೇಂದ್ರವು 5,000 ಕೋಟಿ ರೂಪಾಯಿಗಳ ನೆರವಿನ ಯೋಜನೆಯನ್ನು ಆರಂಭಿಸಿತು. ಹಳೆಯ ವಾಹನಗಳ ಜಾಗಕ್ಕೆ ಹೊಸವು ಬರಲೇಬೇಕಾಗಿರುವ ಕಾಲವಿದು. ಒಮ್ಮೆ ಕೊಂಡ ವಾಹನ ಹದಿನೈದು ವರ್ಷ ಠಾಣೆಯಲ್ಲಿ ಉಳಿಯುವುದರಿಂದ, ಇಂದಿನ ಆಯ್ಕೆಯ ಗುಣದೋಷಗಳನ್ನು ಮುಂದಿನ ತಲೆಮಾರೂ ಅನುಭವಿಸಬೇಕಾಗುತ್ತದೆ.

ಹಿನ್ನೆಲೆ

ವಿದ್ಯುತ್ತಿನಿಂದ ಓಡುವ ಅಗ್ನಿಶಾಮಕ ವಾಹನ ಹೊಚ್ಚ ಹೊಸ ಕಲ್ಪನೆಯಲ್ಲ. 20ನೆಯ ಶತಮಾನದ ಆರಂಭದಲ್ಲಿ, ಕುದುರೆ ಬಂಡಿಗಳು ಹಿಂದೆ ಸರಿಯುತ್ತಿದ್ದ ಕಾಲದಲ್ಲಿ, ಬರ್ಲಿನ್, ವಿಯೆನ್ನಾ ಮುಂತಾದ ಯುರೋಪಿನ ನಗರಗಳ ಅಗ್ನಿಶಾಮಕ ದಳಗಳು ಬ್ಯಾಟರಿ ಬಂಡಿಗಳನ್ನು ಬಳಸಿದ್ದವು. ಅಂದಿನ ಸೀಸದ ಬ್ಯಾಟರಿಗಳ ಭಾರ ವಿಪರೀತವಾಗಿತ್ತು. ಅವು ಸಾಗಿಸುತ್ತಿದ್ದ ದೂರ ಅತ್ಯಲ್ಪವಾಗಿತ್ತು. ಪೆಟ್ರೋಲು ಮತ್ತು ಡೀಸೆಲ್ ಎಂಜಿನುಗಳು ಸುಧಾರಿಸಿದಂತೆ ಆ ಬಂಡಿಗಳು ಮರೆಗೆ ಸರಿದವು.

ಲಿಥಿಯಂ ಬ್ಯಾಟರಿಯ ಆಗಮನದಿಂದ ಆ ಹಳೆಯ ಕಲ್ಪನೆಗೆ ಮರುಜೀವ ಬಂದಿತು. ಆಸ್ಟ್ರಿಯಾ ದೇಶದ ರೋಸೆನ್‌ಬಾವರ್ ಸಂಸ್ಥೆ ತಯಾರಿಸಿದ ವಾಹನವನ್ನು ಬರ್ಲಿನ್ ನಗರದ ದಳವು 2021ರಲ್ಲಿ ಪರೀಕ್ಷಾರ್ಥವಾಗಿ ಬಳಕೆಗೆ ತಂದಿತು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿ ಪಿಯರ್ಸ್ ಸಂಸ್ಥೆಯ ವಿದ್ಯುಚ್ಚಾಲಿತ ವಾಹನವೊಂದು ಅದೇ ವರ್ಷ ಸೇವೆಗಿಳಿಯಿತು. 2022ರಲ್ಲಿ ಲಾಸ್ ಏಂಜಲೀಸ್ ನಗರವೂ ರೋಸೆನ್‌ಬಾವರ್ ವಾಹನವನ್ನು ಪಡೆಯಿತು. ಈ ಪ್ರಯೋಗಗಳಿಂದ ದೊರೆತ ಪಾಠಗಳು ನಮಗೂ ಉಪಯುಕ್ತವಾಗಿವೆ.

ರಚನೆ ಮತ್ತು ಕಾರ್ಯ

ಸಾಮಾನ್ಯ ಅಗ್ನಿಶಾಮಕ ವಾಹನದಲ್ಲಿ, ಅಂದರೆ ಇಲಾಖೆಯವರು ಜಲವಾಹನವೆಂದು ಕರೆಯುವ ವಾಹನದಲ್ಲಿ, ಒಂದೇ ಡೀಸೆಲ್ ಎಂಜಿನು ಎರಡು ಕೆಲಸ ಮಾಡುತ್ತದೆ. ದಾರಿಯಲ್ಲಿ ಅದು ಚಕ್ರಗಳನ್ನು ಓಡಿಸುತ್ತದೆ. ಸ್ಥಳ ತಲುಪಿದ ಮೇಲೆ ಪಂಪನ್ನು ತಿರುಗಿಸುತ್ತದೆ. ವಿದ್ಯುಚ್ಚಾಲಿತ ವಾಹನದಲ್ಲಿ ಈ ಎರಡೂ ಕೆಲಸಗಳನ್ನು ವಿದ್ಯುತ್ ಮೋಟಾರುಗಳು ನಿರ್ವಹಿಸುತ್ತವೆ. ಅವುಗಳಿಗೆ ಬೇಕಾದ ಶಕ್ತಿ ವಾಹನದ ತಳಭಾಗದಲ್ಲಿ ಅಳವಡಿಸಿದ ಬ್ಯಾಟರಿಯಿಂದ ಬರುತ್ತದೆ.

ಬ್ಯಾಟರಿಯ ಸಾಮರ್ಥ್ಯವನ್ನು ಮನೆಯ ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಯೂನಿಟ್ಟುಗಳಲ್ಲಿಯೇ ಹೇಳಬಹುದು. ರೋಸೆನ್‌ಬಾವರ್ ವಾಹನದ ದೊಡ್ಡ ಮಾದರಿಯ ಬ್ಯಾಟರಿ 132 ಯೂನಿಟ್ಟಿನದು. ಅದು ಬರಿದಾಗುತ್ತ ಬಂದರೆ ನೆರವಿಗೆ ಬರಲೆಂದು ಅದೇ ವಾಹನದಲ್ಲಿ ಚಿಕ್ಕದೊಂದು ಡೀಸೆಲ್ ಎಂಜಿನನ್ನೂ ಇರಿಸಲಾಗಿದೆ. ತಯಾರಕರೇ ಬ್ಯಾಟರಿಯನ್ನು ಪೂರ್ತಿಯಾಗಿ ನಂಬಿ ಕುಳಿತಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅನುಕೂಲಗಳು

ಮೊದಲನೆಯ ಅನುಕೂಲ ಸಿಬ್ಬಂದಿಯ ಆರೋಗ್ಯಕ್ಕೆ ಸಂಬಂಧಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಅಂತಹ ಅಪಾಯವುಳ್ಳ ವೃತ್ತಿಯೆಂದು ನಿರ್ಣಯಿಸಿತು. ವಾಹನದ ಮನೆಯಲ್ಲಿ ಎಂಜಿನು ಚಾಲೂ ಮಾಡಿದಾಗ ಹೊರಡುವ ಹೊಗೆಯನ್ನು ಪಕ್ಕದ ಕೊಠಡಿಯಲ್ಲಿ ಮಲಗಿದ್ದವರೂ ಸೇವಿಸಬೇಕಾಗುತ್ತದೆ. ಬ್ಯಾಟರಿ ವಾಹನದಿಂದ ಈ ಒಂದು ವಿಷವಾದರೂ ತಪ್ಪುತ್ತದೆ.

ಎರಡನೆಯದು ಕರಾವಳಿಯ ಜನರಿಗೆ ಸುಲಭವಾಗಿ ಅರ್ಥವಾಗುವಂಥದು. ಇಲ್ಲಿನ ದಳದವರಿಗೆ ಬರುವ ಕರೆಗಳೆಲ್ಲ ಬೆಂಕಿಯವಲ್ಲ. ಬಾವಿಗೆ ಬಿದ್ದ ಮನುಷ್ಯರನ್ನೂ ದನಕರುಗಳನ್ನೂ ಮೇಲೆತ್ತುವುದು, ಮಳೆಗಾಲದಲ್ಲಿ ರಸ್ತೆಗೆ ಅಡ್ಡಬಿದ್ದ ಮರ ಕಡಿದು ಸರಿಸುವುದು, ಇವು ಅವರ ನಿತ್ಯದ ಕೆಲಸಗಳು. ಬಾವಿಯ ದಂಡೆಯಲ್ಲಿ ದೀಪಕ್ಕಾಗಿಯೋ ಯಂತ್ರಕ್ಕಾಗಿಯೋ ಡೀಸೆಲ್ ಎಂಜಿನನ್ನು ಓಡಿಸುತ್ತ ನಿಂತರೆ ಅದರ ಹೊಗೆ ಬಾವಿಯೊಳಕ್ಕೂ ಇಳಿಯಬಹುದು. ಮೊದಲೇ ಗಾಳಿ ಕೆಟ್ಟಿರುವ ಬಾವಿಯಲ್ಲಿ ಅದು ಕೆಳಗಿರುವವನ ಪ್ರಾಣಕ್ಕೆ ಸಂಚಕಾರ. ಬ್ಯಾಟರಿ ವಾಹನವು ಹೊಗೆಯಿಲ್ಲದೆ, ಸದ್ದಿಲ್ಲದೆ, ದೀಪಕ್ಕೂ ಕತ್ತರಿಸುವ ಉಪಕರಣಗಳಿಗೂ ಗಂಟೆಗಟ್ಟಲೆ ವಿದ್ಯುತ್ ಒದಗಿಸಬಲ್ಲದು. ಸದ್ದು ಕಡಿಮೆಯಾದುದರಿಂದ ಮುಖ್ಯಸ್ಥನ ಆಜ್ಞೆಯೂ, ಒಳಗೆ ಸಿಕ್ಕಿಕೊಂಡವರ ಕೂಗೂ ಸ್ಪಷ್ಟವಾಗಿ ಕೇಳಿಸುತ್ತವೆ.

ಮೂರನೆಯದು ಯಂತ್ರದ ಗುಣ. ವಿದ್ಯುತ್ ಮೋಟಾರು ನಿಂತ ನಿಲುವಿನಲ್ಲೇ ಪೂರ್ಣ ಎಳೆತವನ್ನು ಕೊಡುತ್ತದೆ. ಎಂಜಿನು ಬಿಸಿಯೇರಲೆಂದು ಕಾಯಬೇಕಾಗಿಲ್ಲ. ಎಣ್ಣೆ ಬದಲಾವಣೆ, ಗೇರು, ಕ್ಲಚ್ಚು ಮೊದಲಾದವುಗಳ ತೊಡಕೂ ಕಡಿಮೆ. ಬರ್ಲಿನ್ನಿನ ಪ್ರಯೋಗದಲ್ಲಿ ಹೆಚ್ಚಿನ ಕರೆಗಳನ್ನು ಬ್ಯಾಟರಿಯೊಂದರಿಂದಲೇ ಪೂರೈಸಲು ಸಾಧ್ಯವಾಯಿತು. ನಗರದ ಕರೆಗಳು ಸಾಮಾನ್ಯವಾಗಿ ಹತ್ತಿರದವೂ ಅಲ್ಪಕಾಲದವೂ ಆಗಿರುವುದೇ ಇದಕ್ಕೆ ಕಾರಣ.

ಪ್ರತಿಕೂಲಗಳು

ಮೊದಲನೆಯದಾಗಿ ಬೆಲೆ. ಲಾಸ್ ಏಂಜಲೀಸ್ ನಗರವು ತನ್ನ ವಾಹನಕ್ಕೆ ತೆತ್ತ ಬೆಲೆ ಸುಮಾರು 12 ಲಕ್ಷ ಡಾಲರು. ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 10 ಕೋಟಿ ರೂಪಾಯಿ. ಆ ಹಣದಲ್ಲಿ ನಮ್ಮ ದೇಶದ ಸಾಮಾನ್ಯ ಜಲವಾಹನಗಳನ್ನು ಹಲವು ಠಾಣೆಗಳಿಗೆ ಒದಗಿಸಬಹುದು. ವಿದ್ಯುತ್ ಬಸ್ಸಿನ ಬೆಲೆಯೂ ಹೆಚ್ಚೇ ಅಲ್ಲವೇ ಎಂದು ಕೇಳಬಹುದು. ಆದರೆ ಬಸ್ಸು ದಿನವೆಲ್ಲ ಓಡುತ್ತದೆ. ಪ್ರತಿ ಕಿಲೋಮೀಟರಿಗೂ ಉಳಿಯುವ ಡೀಸೆಲ್ ಹಣದಿಂದ ಹೆಚ್ಚಿನ ಬೆಲೆ ಕ್ರಮೇಣ ತೀರುತ್ತದೆ. ಅಗ್ನಿಶಾಮಕ ವಾಹನವಾದರೋ ದಿನಗಟ್ಟಲೆ ನಿಂತಲ್ಲೇ ನಿಂತಿರುತ್ತದೆ. ಹೀಗೆ ನಿಂತಿರುವುದೇ ಅದರ ಭಾಗ್ಯವೆಂದು ಊರು ಹಾರೈಸುತ್ತದೆ. ಓಡದ ವಾಹನದಿಂದ ಇಂಧನದ ಉಳಿತಾಯವನ್ನು ನಿರೀಕ್ಷಿಸುವುದು ಹೇಗೆ? ಬಸ್ಸಿಗೆ ಒಪ್ಪುವ ಲೆಕ್ಕ ಇಲ್ಲಿ ಒಪ್ಪದು. ಅಷ್ಟೇ ಅಲ್ಲ, ಲಿಥಿಯಂ ಬ್ಯಾಟರಿ ಬಳಸದಿದ್ದರೂ ಕಾಲಕ್ರಮದಲ್ಲಿ ಸವೆಯುತ್ತದೆ. ಸದಾ ಪೂರ್ಣ ತುಂಬಿಸಿ ಸೆಕೆಯಲ್ಲಿ ಇರಿಸಿದರೆ ಇನ್ನೂ ಬೇಗ ಸವೆಯುತ್ತದೆ. ಅಗ್ನಿಶಾಮಕ ವಾಹನವನ್ನು ಸದಾ ಪೂರ್ಣ ತುಂಬಿಸಿಯೇ ಇಡಬೇಕು. ಕರಾವಳಿಯಲ್ಲಿ ಸೆಕೆಗೆ ಬರವಿಲ್ಲ.

ಎರಡನೆಯದು ಭಾರ. 132 ಯೂನಿಟ್ಟಿನ ಬ್ಯಾಟರಿ ಮುಕ್ಕಾಲು ಟನ್ನಿನಿಂದ ಒಂದು ಟನ್ನಿನ ಆಸುಪಾಸು ತೂಗುತ್ತದೆ. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಮು. ಡೀಸೆಲ್ ಎಂಜಿನು ಮತ್ತು ಟಾಂಕಿಯನ್ನು ತೆಗೆದುದರಿಂದ ಸ್ವಲ್ಪ ಭಾರ ಇಳಿದರೂ, ಉಳಿದ ಹೆಚ್ಚುವರಿ ತೂಕವನ್ನು ನೀರಿನ ಪ್ರಮಾಣ ತಗ್ಗಿಸಿ ಸರಿದೂಗಿಸಬೇಕು. ಇಲ್ಲವೇ ವಾಹನವನ್ನು ದೊಡ್ಡದು ಮಾಡಬೇಕು. ಹಳ್ಳಿಯ ಕಿರಿದಾದ ಮಣ್ಣುರಸ್ತೆ ಮತ್ತು ಹಳೆಯ ಮೋರಿಗಳಿಗೆ ದೊಡ್ಡ ವಾಹನ ಒಗ್ಗುವುದಿಲ್ಲ.

ಮೂರನೆಯದು, ವಿದ್ಯುತ್ತನ್ನು ಕ್ಯಾನಿನಲ್ಲಿ ಹೊತ್ತು ತರುವಂತಿಲ್ಲ. ಗಂಟೆಗಟ್ಟಲೆ ಉರಿಯುವ ಬೆಂಕಿಯಲ್ಲಿ ಡೀಸೆಲ್ ಮುಗಿದರೆ ಹತ್ತಿರದ ಬಂಕಿನಿಂದ ತಂದು ಸುರಿಯಬಹುದು. ಬ್ಯಾಟರಿ ಬರಿದಾದರೆ ಹಾಗೆ ಮಾಡಲಾಗದು. ಕುಂದಾಪುರ ತಾಲೂಕಿನ ಹೊಸಂಗಡಿಯಲ್ಲಿ ವಾರಾಹಿ ಭೂಗರ್ಭ ವಿದ್ಯುದಾಗಾರವಿದ್ದು, 115 ಮೆಗಾವ್ಯಾಟ್‌ಗಳ ನಾಲ್ಕು ಯಂತ್ರಗಳಿಂದ 460 ಮೆಗಾವ್ಯಾಟ್ ಉತ್ಪಾದಿಸುವ ಸಾಮರ್ಥ್ಯ ಅದಕ್ಕಿದೆ. ವಿದ್ಯುತ್ತು ಹುಟ್ಟುವ ಸೀಮೆಯಿದು. ಆದರೂ ಆಷಾಢದ ಗಾಳಿಮಳೆಗೆ ಮರ ಉರುಳಿ ತಂತಿ ಕಡಿದಾಗ ಹಳ್ಳಿಗಳು ಕತ್ತಲಲ್ಲಿ ಕಳೆಯುವುದುಂಟು. ದಳದವರಿಗೆ ಹೆಚ್ಚು ಕರೆಗಳು ಬರುವುದೂ ಅದೇ ದಿನಗಳಲ್ಲಿ. ಆದಕಾರಣ ವಿದ್ಯುತ್ ವಾಹನವಿರುವ ಠಾಣೆಗೆ ದೊಡ್ಡ ಜನರೇಟರು ಅನಿವಾರ್ಯ. ಆ ಜನರೇಟರಿಗೆ ಮತ್ತೆ ಡೀಸೆಲ್ ಅನಿವಾರ್ಯ.

ನಾಲ್ಕನೆಯದು ಬ್ಯಾಟರಿಯ ಬೆಂಕಿ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ವಿದ್ಯುತ್ ಸ್ಕೂಟರು ಮಳಿಗೆಯೊಂದರಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ವಸತಿಗೃಹವನ್ನು ಆವರಿಸಿ ಎಂಟು ಮಂದಿ ಮೃತರಾದರು. ಲಿಥಿಯಂ ಬ್ಯಾಟರಿ ಹತ್ತಿದರೆ ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳಬಹುದು. ಅದನ್ನು ತಣಿಸಲು ಬಹಳ ನೀರು ಬೇಕು. ಬೆಂಕಿ ಆರಿಸುವವರ ಮನೆಯೇ ಸುಟ್ಟ ನಿದರ್ಶನವೂ ಉಂಟು. ಜರ್ಮನಿಯ ಷ್ಟಾಟ್‌ಅಲೆಂಡೋರ್ಫ್ ಎಂಬ ಊರಿನ ಅಗ್ನಿಶಾಮಕ ಠಾಣೆ 2024ರ ಅಕ್ಟೋಬರಿನಲ್ಲಿ ಬೆಂಕಿಗೆ ಆಹುತಿಯಾಯಿತು. ಲಿಥಿಯಂ ಬ್ಯಾಟರಿಗಳಿದ್ದು ಹೊರಗಿನ ವಿದ್ಯುತ್ ಸಂಪರ್ಕಕ್ಕೆ ಜೋಡಿಸಲ್ಪಟ್ಟಿದ್ದ ದಳದ ವಾಹನವೊಂದರಿಂದ ಬೆಂಕಿ ಆರಂಭವಾಯಿತೆಂದು ವರದಿಯಾಯಿತು. ಆ ಕಟ್ಟಡದಲ್ಲಿ ಬೆಂಕಿಯ ಎಚ್ಚರಿಕೆ ಕೊಡುವ ವ್ಯವಸ್ಥೆ ಇರಲಿಲ್ಲ. ವಿದ್ಯುತ್ ವಾಹನ ತರುವ ಮುನ್ನ ಅದು ನಿಲ್ಲುವ ಮನೆಯನ್ನು ಸಿದ್ಧಪಡಿಸಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕಿಲ್ಲ.

ಮೂರು ತಾಲೂಕುಗಳ ಲೆಕ್ಕ

ಮೇಲಿನ ಗುಣದೋಷಗಳು ಎಲ್ಲ ಊರುಗಳಿಗೂ ಸಾಮಾನ್ಯವಾದವು. ಒಂದು ಸೀಮೆಗೆ ಯಾವುದು ಹಿತವೆಂದು ತಿಳಿಯಬೇಕಾದರೆ ಅಲ್ಲಿನ ದೂರ, ನೀರು, ನೆಲಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಒಂದು ಕಡೆ ಕಡಲಿನಿಂದ ಮತ್ತೊಂದು ಕಡೆ ಘಟ್ಟದ ಬುಡದವರೆಗೆ ಹರಡಿವೆ. ಕಡಲ ಅಂಚಿನಲ್ಲಿ ಮೀನುಗಾರಿಕೆಯ ಬಂದರುಗಳು. ನಡುವೆ ಗದ್ದೆ ಬೈಲು, ತೆಂಗಿನ ತೋಟ, ಗೋಡಂಬಿ ಮತ್ತು ಹೆಂಚಿನ ಕಾರ್ಖಾನೆಗಳು. ಮೂಡಣಕ್ಕೆ ಹಾಡಿ, ಹಕ್ಕಲು, ಕಾಡು. ಬೇಸಿಗೆಯಲ್ಲಿ ಹುಲ್ಲುಕುತ್ರಿಗೂ ಒಣಗಿದ ಹಕ್ಕಲಿಗೂ ಬೆಂಕಿ ತಗಲುವುದು ಇಲ್ಲಿ ಹೊಸತಲ್ಲ.

ಕುಂದಾಪುರದ ಠಾಣೆಯಲ್ಲಿ 132 ಯೂನಿಟ್ಟಿನ ಬ್ಯಾಟರಿಯುಳ್ಳ ವಾಹನವಿದೆಯೆಂದು ಊಹಿಸಿಕೊಳ್ಳೋಣ. ಡೀಸೆಲ್ ನೆರವಿಲ್ಲವೆಂದೂ ಇಟ್ಟುಕೊಳ್ಳೋಣ. ತುಂಬಿದ ಭಾರಿ ವಾಹನಕ್ಕೆ ಕಿಲೋಮೀಟರಿಗೆ ಸುಮಾರು ಒಂದೂವರೆ ಯೂನಿಟ್ ಬೇಕೆಂದು ಎಣಿಸಬಹುದು. ನಿಮಿಷಕ್ಕೆ 2,000 ಲೀಟರು ನೀರನ್ನು 7 ಬಾರ್ ಒತ್ತಡದಲ್ಲಿ ಹಾಯಿಸುವ ಪಂಪಿಗೆ, ನಷ್ಟ ಮತ್ತು ದೀಪಗಳೂ ಸೇರಿ, ಗಂಟೆಗೆ ಸುಮಾರು 50 ಯೂನಿಟ್ ಹಿಡಿಯಬಹುದು.

ಪೇಟೆಯೊಳಗಿನ ಕರೆಗೆ ಹೋಗಿಬರುವ ದಾರಿ 10 ಕಿಲೋಮೀಟರೆಂದರೆ 15 ಯೂನಿಟ್ ಖರ್ಚು. ಉಳಿದ ಶಕ್ತಿಯಿಂದ ಪಂಪು ಎರಡು ಗಂಟೆಗೂ ಮಿಕ್ಕಿ ನಡೆಯುತ್ತದೆ. ಇದು ತೃಪ್ತಿಕರ. ಕೊಲ್ಲೂರು ಸುಮಾರು 40 ಕಿಲೋಮೀಟರು ದೂರ. ಹೋಗಿಬರುವುದಕ್ಕೆ 120 ಯೂನಿಟ್ ಬೇಕು. ಪಂಪಿಗೆ ಉಳಿಯುವುದು ಕಾಲು ಗಂಟೆಯ ಶಕ್ತಿ ಮಾತ್ರ. ಬೈಂದೂರು ಪೇಟೆ ಕೊಲ್ಲೂರಿಗಿಂತ ತುಸು ಹತ್ತಿರವಾದರೂ ಲೆಕ್ಕ ಬಹಳ ಬದಲಾಗದು. ಬ್ರಹ್ಮಾವರ ಸುಮಾರು 25 ಕಿಲೋಮೀಟರು. ಅಲ್ಲಿಗೆ ಹೋದರೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಪಂಪು ನಡೆದೀತು. ಅದೇ ವಾಹನ ಹತ್ತಿರದ ಊರಿಗೆ ಒಪ್ಪುತ್ತದೆ, ದೂರದ ಊರಿಗೆ ಸೋಲುತ್ತದೆ. ಬರ್ಲಿನ್ನಿನಲ್ಲಿ ಅದು ಗೆದ್ದುದಕ್ಕೆ ವಾಹನದ ಗುಣದಷ್ಟೇ ಠಾಣೆಗಳ ಸಾಮೀಪ್ಯವೂ ಕಾರಣ.

ಇನ್ನು ನೀರಿನ ವಿಚಾರ. ನಮ್ಮಲ್ಲಿ ಸಾಮಾನ್ಯವಾಗಿರುವ ಜಲವಾಹನದ ಟಾಂಕಿ 4,500 ಲೀಟರಿನದು. ಮೇಲೆ ಹೇಳಿದ ವೇಗದಲ್ಲಿ ಹಾಯಿಸಿದರೆ ಅದು ಎರಡೂಕಾಲು ನಿಮಿಷಗಳಲ್ಲಿ ಬರಿದಾಗುತ್ತದೆ. ಬ್ಯಾಟರಿ ಬರಿದಾಗುವುದಕ್ಕೆ ಎಷ್ಟೋ ಮೊದಲು ನೀರು ಬರಿದಾಗುತ್ತದೆಂಬ ಈ ಸರಳ ಸತ್ಯವನ್ನು ಡೀಸೆಲೋ ವಿದ್ಯುತ್ತೋ ಎಂಬ ಚರ್ಚೆಯ ಭರದಲ್ಲಿ ಮರೆಯುವಂತಿಲ್ಲ. ಬೆಂಕಿಯ ಬಳಿ ಕೆರೆ, ಮದಗ ಅಥವಾ ಹೊಳೆಯಿಂದ ನೀರೆತ್ತಲು ವಾಹನ ಇಳಿಯುವ ದಾರಿ ಇದೆಯೇ ಎಂಬುದೇ ಆಗ ನಿರ್ಣಾಯಕ.

2023ರ ನವೆಂಬರ್ 13ರಂದು, ದೀಪಾವಳಿಯ ದಿನಗಳಲ್ಲಿ, ಗಂಗೊಳ್ಳಿಯಲ್ಲಿ ದಡದಲ್ಲಿದ್ದ ಹಲವು ಮೀನುಗಾರಿಕಾ ದೋಣಿಗಳು ಬೆಂಕಿಗೆ ಆಹುತಿಯಾದುದನ್ನು ಈ ಸೀಮೆಯ ಜನ ಮರೆತಿಲ್ಲ. ಒಂದು ದೋಣಿ ಎಂದರೆ ಒಂದು ಮನೆಯ ಬಂಡವಾಳ, ಬ್ಯಾಂಕಿನ ಸಾಲ, ಹಲವು ಸಂಸಾರಗಳ ಅನ್ನ. ಬಲೆ, ಮರ, ಫೈಬರು, ಡೀಸೆಲ್ ಒಟ್ಟಿಗೆ ಇರುವಲ್ಲಿ ಬೆಂಕಿ ಒಂದು ದೋಣಿಯಿಂದ ಇನ್ನೊಂದಕ್ಕೆ ಹಾರಲು ಹೊತ್ತು ಬೇಕಿಲ್ಲ. ಕುಂದಾಪುರ ಪೇಟೆಯಿಂದ ನೋಡಿದರೆ ಗಂಗೊಳ್ಳಿ ಪಂಚಗಂಗಾವಳಿಯ ಆಚೆ ದಡದಲ್ಲಿ, ಕಣ್ಣಳತೆಯಲ್ಲಿದೆ. ಆದರೆ ವಾಹನ ಹೋಗಬೇಕಾದರೆ ಹೆಮ್ಮಾಡಿಯ ಮೇಲೆ ಮುಳ್ಳಿಕಟ್ಟೆಯವರೆಗೆ ಸಾಗಿ, ಅಲ್ಲಿಂದ ಪಡುವಣಕ್ಕೆ ತಿರುಗಿ ತೆಂಕಣಕ್ಕೆ ಇಳಿಯಬೇಕು. ಒಟ್ಟು ಸುಮಾರು 15 ಕಿಲೋಮೀಟರು. ಗಂಟೆಗೆ 45 ಕಿಲೋಮೀಟರು ವೇಗದಲ್ಲಿ ತಡೆಯಿಲ್ಲದೆ ಓಡಿದರೂ ಇಪ್ಪತ್ತು ನಿಮಿಷ ಬೇಕು. ಡೀಸೆಲ್ ವಾಹನಕ್ಕೂ ಇಪ್ಪತ್ತೇ, ಬ್ಯಾಟರಿ ವಾಹನಕ್ಕೂ ಇಪ್ಪತ್ತೇ. ಆ ಇಪ್ಪತ್ತು ನಿಮಿಷಗಳನ್ನು ಇಳಿಸುವ ಶಕ್ತಿ ಯಾವ ಬಗೆಯ ಎಂಜಿನಿಗೂ ಇಲ್ಲ.

ಮಾಡಬಹುದಾದುದು

ಹಾಗಾದರೆ ವಿದ್ಯುತ್ತಿಗೆ ಇಲ್ಲಿ ಎಡೆಯೇ ಇಲ್ಲವೇ? ಇದೆ. ಆದರೆ ಅದು ಕೋಟಿಗಟ್ಟಲೆ ಬೆಲೆಯ ದೊಡ್ಡ ವಾಹನದ ರೂಪದಲ್ಲಿರಬೇಕೆಂದಿಲ್ಲ. ಬಂದರಿನ ದಕ್ಕೆಯ ಮೇಲೆಯೇ ಹೊಳೆಯ ನೀರನ್ನು ಎತ್ತುವ ವಿದ್ಯುತ್ ಪಂಪನ್ನು ಸ್ಥಿರವಾಗಿ ನೆಟ್ಟು, ಕೊಳವೆಯ ಸುರುಳಿಗಳನ್ನು ಇರಿಸಿ, ಮೀನುಗಾರ ಯುವಕರಿಗೆ ತರಬೇತಿ ಕೊಟ್ಟರೆ ದಳದವರು ಬರುವವರೆಗಿನ ಇಪ್ಪತ್ತು ನಿಮಿಷಗಳು ವ್ಯರ್ಥವಾಗುವುದಿಲ್ಲ. ಬೆಂಕಿಯ ಸಮಯದಲ್ಲಿ ಊರಿನ ಸಂಪರ್ಕ ಕಡಿದರೆ ಪಂಪು ನಿಲ್ಲಬಾರದಾದ್ದರಿಂದ ಜೊತೆಗೊಂದು ಡೀಸೆಲ್ ಪಂಪೂ ಬೇಕು. ಅಳಿವೆಯ ನೀರು ಉಪ್ಪಾದುದರಿಂದ ಪ್ರತಿ ಬಳಕೆಯ ಅನಂತರ ಯಂತ್ರವನ್ನು ಸಿಹಿನೀರಿನಿಂದ ತೊಳೆಯಬೇಕೆಂಬ ನಿಯಮವನ್ನು ಪಾಲಿಸಬೇಕು.

ಪೇಟೆಯ ಇಕ್ಕಟ್ಟಾದ ಓಣಿಗಳಿಗೂ ಬಾವಿಯ ಕರೆಗಳಿಗೂ ಚಿಕ್ಕದೊಂದು ಬ್ಯಾಟರಿ ವಾಹನ ಯೋಗ್ಯವಾದ ಸಾಧನ. ಅದರ ಓಟ ಹತ್ತಿರದ್ದು, ಹೊರೆ ಕಡಿಮೆಯದು, ಬೆಲೆಯೂ ಮಿತವಾದದ್ದು. ಘಟ್ಟದ ಬುಡದ ಹಳ್ಳಿಗಳಿಗೂ ಕಾಡಿನ ಬೆಂಕಿಗೂ ಸದ್ಯಕ್ಕೆ ಡೀಸೆಲ್ ಜಲವಾಹನವೇ ಹೆಚ್ಚು ನಂಬಿಕೆಗೆ ಅರ್ಹ. ಬೈಂದೂರು ಮತ್ತು ಬ್ರಹ್ಮಾವರಗಳು 2018ರಲ್ಲಿ ಪ್ರತ್ಯೇಕ ತಾಲೂಕುಗಳಾದವು. ಆಡಳಿತವು ಜನರ ಹತ್ತಿರಕ್ಕೆ ಬರಬೇಕೆಂಬ ತತ್ತ್ವ ಅದರ ಹಿಂದಿತ್ತು. ಅಗ್ನಿಶಾಮಕ ಸೇವೆಗೆ ಆ ತತ್ತ್ವ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಒಂದು ವಾಹನಕ್ಕೆ ಸುರಿಯುವ ಹಣದಲ್ಲಿ ಸೇವೆಯ ದೂರವನ್ನು ಅರ್ಧಕ್ಕಿಳಿಸಲು ಸಾಧ್ಯವಾದರೆ ಅದೇ ಮೇಲಾದ ವಿನಿಯೋಗ. ಠಾಣೆಗಳು ಹತ್ತಿರವಾದಷ್ಟೂ ಬ್ಯಾಟರಿ ವಾಹನದ ದೌರ್ಬಲ್ಯವೂ ತಾನಾಗಿ ಕುಗ್ಗುತ್ತದೆ. ಬ್ಯಾಟರಿಗಳ ಬೆಲೆ ಇಳಿದಂತೆ ದೊಡ್ಡ ವಾಹನದ ಪ್ರಶ್ನೆಯನ್ನು ಮತ್ತೆ ಪರಿಶೀಲಿಸಬಹುದು.

ಸಾರ್ವಜನಿಕ ಸೇವೆಗೆ ಆಂಬುಲೆನ್ಸು ಮೊದಲಾದ ವಾಹನಗಳನ್ನು ಕೊಡುಗೆಯಾಗಿ ನೀಡುವ ಉದಾರಿಗಳು ಈ ನಾಡಿನಲ್ಲಿ ಅನೇಕರಿದ್ದಾರೆ. ಅಂತಹವರು ವಾಹನವನ್ನು ಆರಿಸುವ ಮುನ್ನ, ಅದು ಎಷ್ಟು ದೂರ ಹೋಗಬೇಕು, ಅಲ್ಲಿ ನೀರು ಎಲ್ಲಿಂದ ದೊರೆಯಬೇಕು, ಅದನ್ನು ನಡೆಸುವವರು ಯಾರು, ವಿದ್ಯುತ್ ಕೈಕೊಟ್ಟ ರಾತ್ರಿ ಅದರ ಗತಿಯೇನು ಎಂಬ ನಾಲ್ಕು ಪ್ರಶ್ನೆಗಳನ್ನು ದಳದ ಅಧಿಕಾರಿಗಳೊಡನೆ ಕುಳಿತು ವಿಚಾರಿಸುವುದು ಲೇಸು. ಕೆರೆಯ ದಂಡೆಗೆ ವಾಹನ ಇಳಿಯುವ ಒಂದು ದಾರಿ, ಬಂದರಿನಲ್ಲೊಂದು ಪಂಪು, ಶಾಲೆಯಲ್ಲೊಂದು ತರಬೇತಿ ಶಿಬಿರ ಇವೂ ಕೊಡುಗೆಗಳೇ. 101 ಅಥವಾ 112 ಸಂಖ್ಯೆಗೆ ಕರೆಮಾಡಿ ಊರು, ಗುರುತು, ದಾರಿಗಳನ್ನು ಗೊಂದಲವಿಲ್ಲದೆ ಹೇಳಬಲ್ಲ ವಿದ್ಯಾರ್ಥಿಯೂ ಅಗ್ನಿಶಾಮಕ ಸೇವೆಗೆ ಕೆಲವು ನಿಮಿಷಗಳನ್ನು ಗಳಿಸಿಕೊಟ್ಟಂತೆಯೇ. ಅಂತಹ ವಿದ್ಯಾರ್ಥಿಗಳನ್ನು ಸಿದ್ಧಪಡಿಸುವ ಕೆಲಸವನ್ನು ಯಾವ ಹೊಸ ವಾಹನಕ್ಕೂ ಕಾಯದೆ ಉಪಾಧ್ಯಾಯರು ಈ ವರ್ಷವೇ ಕೈಗೊಳ್ಳಬಹುದು.